ನೆಟ್ ಎಲ್ಲಿ ನಿಂತಿತು?

ಮನೆಯ ಇಂಟರ್‌ನೆಟ್ ನಿಂತಾಗ ಮೊದಲು ತಿಳಿಯಬೇಕಾದದ್ದು ಅದು ಎಲ್ಲಿ ನಿಂತಿದೆ ಎಂಬುದು. ಫೋನಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದ್ದರೆ ತಪ್ಪು ಫೋನಿನದಿರಬಹುದು, ಪಡಸಾಲೆಯ ವೈಫೈ ಡಬ್ಬಿಯದಿರಬಹುದು, ಡಬ್ಬಿಗೆ ಕರೆಂಟು ಕೊಡುವ ಅಡಾಪ್ಟರಿನದಿರಬಹುದು, ಓಣಿಯ ಕಂಬದ ಮೇಲಿನ ಪೆಟ್ಟಿಗೆಯದಿರಬಹುದು, ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜಿನದೂ ಇರಬಹುದು. ಹಾನಗಲ್ಲಾಗಲಿ ಹಿರೇಕೆರೂರಾಗಲಿ, ಕೇಬಲ್‌ನವರಿಗೆ ಹೋಗುವ ದೂರು ಮಾತ್ರ ಒಂದೇ: “ಅಣ್ಣಾ, ನೆಟ್ ಬರವಲ್ದು ನೋಡ್ರಿ.” ಈ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಡಬ್ಬಿಯ ಮೇಲೆ ಯಾವ ದೀಪ ಹತ್ತಿದೆ, ಯಾವುದು ಆರಿದೆ ಎಂದು ಜೊತೆಗೆ ಹೇಳಿದರೆ ಅರ್ಧ ತನಿಖೆ ಫೋನಿನಲ್ಲೇ ಮುಗಿಯುತ್ತದೆ.

ಈ ಭಾಗದ ಮನೆಗಳಿಗೆ ಇಂಟರ್‌ನೆಟ್ ಮೊದಲು ಬಂದದ್ದು ಟೆಲಿಫೋನಿನ ಜೋಡಿ ತಾಮ್ರದ ತಂತಿಯ ಮೇಲೆ. ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು 2005ರಲ್ಲಿ ಆರಂಭಿಸಿತು. ಟಿವಿಯ ಕೋಆಕ್ಸಿಯಲ್ ಕೇಬಲ್ ಅದಕ್ಕೂ ಮೊದಲೇ ಓಣಿ ಓಣಿಗೆ ಬಂದಿತ್ತು. ಆ ದಪ್ಪ ಕೇಬಲ್ಲಿನ ಮೇಲೆಯೇ ಇಂಟರ್‌ನೆಟ್ ಸಾಗಿಸುವ ಕೇಬಲ್ ಮೋಡೆಮ್‌ಗೆ ಡಾಕ್ಸಿಸ್ ಎಂಬ ಮಾನಕ 1997ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ನಮ್ಮಲ್ಲಿ ಅದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ನೆಲೆಯೂರಿತು. ತಾಲ್ಲೂಕು ಊರುಗಳಲ್ಲಿ ಕೇಬಲ್‌ನವರು ಇಂಟರ್‌ನೆಟ್ಟಿಗಾಗಿ ಬೇರೆಯೇ ತಂತಿ ಎಳೆದರು: ಗಾಜಿನ ಎಳೆಯ ಫೈಬರ್. ಅದೇ ಕಂಬಗಳ ಮೇಲೆ, ಟಿವಿ ಕೇಬಲ್ಲಿನ ಪಕ್ಕದಲ್ಲೇ ಅದು ಸಾಗುತ್ತದೆ. ಬಿಎಸ್‌ಎನ್‌ಎಲ್ ಕೂಡ ಮನೆಗಳಿಗೆ ಫೈಬರ್ ಕೊಡುವಾಗ ಸ್ಥಳೀಯ ಕೇಬಲ್ ಆಪರೇಟರುಗಳನ್ನು ಪಾಲುದಾರರನ್ನಾಗಿ ಮಾಡಿಕೊಂಡಿದೆ. ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಒಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿ, ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು.

ಫೈಬರಿನ ದಾರಿ ಸರಳ. ಎಕ್ಸ್‌ಚೇಂಜಿನಲ್ಲಿ ಅಥವಾ ಆಪರೇಟರನ ಕೋಣೆಯಲ್ಲಿ ಒಎಲ್‌ಟಿ ಎಂಬ ಯಂತ್ರವಿರುತ್ತದೆ. ಅದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಒಂದು ಎಳೆಯಲ್ಲಿ ಕಳಿಸುತ್ತದೆ. ಕಂಬದ ಮೇಲಿನ ಪೆಟ್ಟಿಗೆಯೊಳಗೆ ಸ್ಪ್ಲಿಟ್ಟರ್ ಎಂಬ ಪುಟ್ಟ ಗಾಜಿನ ಸಾಧನ ಆ ಬೆಳಕನ್ನು 8 ಅಥವಾ 16 ಎಳೆಗಳಿಗೆ ಹಂಚುತ್ತದೆ. ಪೆಟ್ಟಿಗೆಯಿಂದ ಮನೆಗೆ ಇಳಿಯುವುದು ಕಪ್ಪು ಡ್ರಾಪ್ ವೈರ್. ಅದರ ತುದಿಗೆ ಒಎನ್‌ಟಿ ಎಂಬ ಡಬ್ಬಿ. ಜನ ಮೋಡೆಮ್ ಎನ್ನುವುದು ಇದನ್ನೇ. ಮನೆಯತ್ತ ಹೋಗುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಿಂದ ಮರಳುವುದರದು 1310. ಹೀಗಾಗಿ ಒಂದೇ ಎಳೆಯಲ್ಲಿ ಎರಡೂ ಕಡೆಯ ಸಂಚಾರ ಡಿಕ್ಕಿಯಿಲ್ಲದೆ ನಡೆಯುತ್ತದೆ. ನಡುದಾರಿಯಲ್ಲಿ ಕರೆಂಟು ಬೇಡುವ ಯಂತ್ರ ಒಂದೂ ಇಲ್ಲ.

ಎಲ್ಲ ಓಣಿಗಳಲ್ಲೂ ಹೀಗೇ ಇರುತ್ತದೆ ಎನ್ನುವಂತಿಲ್ಲ. ಖರ್ಚು ಉಳಿಸಲು ಕೆಲವು ಕಡೆ ಫೈಬರನ್ನು ಯಾರದೋ ಮಾಳಿಗೆಯ ಮೇಲಿನ ಸ್ವಿಚ್ಚಿನವರೆಗೆ ಮಾತ್ರ ತಂದು, ಅಲ್ಲಿಂದ ಮನೆಗಳಿಗೆ ಲ್ಯಾನ್ ಕೇಬಲ್ ಎಳೆದಿರುತ್ತಾರೆ. ಆ ಸ್ವಿಚ್ಚಿಗೆ ಕರೆಂಟು ಆ ಮನೆಯದೇ. ಮನೆಯವರು ಬೀಗ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ ಜಾತ್ರೆಗೆ ಹೋದರೆ ಇಡೀ ಓಣಿಯ ನೆಟ್ಟೂ ಅವರ ಜೊತೆ ಹೋಗುತ್ತದೆ. ಲ್ಯಾನ್ ಕೇಬಲ್ ತಾಮ್ರದ್ದು. 100 ಮೀಟರಿಗಿಂತ ಉದ್ದವಾದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಮನೆಯೊಳಗೆ ಬರುವುದು ತೆಳು ಗಾಜಿನೆಳೆಯೋ, ಎಂಟು ಬಣ್ಣದ ತಂತಿಗಳ ಲ್ಯಾನ್ ಕೇಬಲ್ಲೋ ಎಂದು ಮೊದಲೇ ತಿಳಿದಿಟ್ಟುಕೊಂಡರೆ ಮುಂದಿನ ತನಿಖೆ ಸುಲಭ.

ಗಾಜಿನೆಳೆ ಬರುವ ಮನೆಯಲ್ಲಿ ತನಿಖೆ ಶುರುವಾಗಬೇಕಾದದ್ದು ಡಬ್ಬಿಯ ದೀಪಗಳಿಂದ. ಪವರ್ ದೀಪದ ಅರ್ಥ ಎಲ್ಲರಿಗೂ ಗೊತ್ತು. ಅದರ ಪಕ್ಕದ ಪಾನ್ ಎಂಬ ದೀಪ, ಎಕ್ಸ್‌ಚೇಂಜಿನ ಯಂತ್ರ ಈ ಡಬ್ಬಿಯನ್ನು ಗುರುತಿಸಿ ಒಳಕ್ಕೆ ಬಿಟ್ಟುಕೊಂಡಿದೆ ಎಂಬುದಕ್ಕೆ ಸಾಕ್ಷಿ. ಡಬ್ಬಿ ಚಾಲೂ ಮಾಡಿದಾಗ ಅದು ಸ್ವಲ್ಪ ಹೊತ್ತು ಮಿಣುಕಿ, ಒಂದೆರಡು ನಿಮಿಷದಲ್ಲಿ ಸ್ಥಿರವಾಗಬೇಕು. ಲಾಸ್ ಎಂಬ ಕೆಂಪು ದೀಪ ಹತ್ತಿದರೆ ಅಥವಾ ಮಿಣುಕಿದರೆ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ, ಅಥವಾ ಓದಲಾರದಷ್ಟು ಮಂಕಾಗಿ ಬರುತ್ತಿದೆ ಎಂದರ್ಥ. ಆಗ ಫೋನಿನ ಸೆಟ್ಟಿಂಗ್ ತಿರುವುವುದು, ವೈಫೈ ಪಾಸ್‌ವರ್ಡ್ ಬದಲಿಸುವುದು, ಮತ್ತೆ ಮತ್ತೆ ರೀಚಾರ್ಜ್ ಮಾಡುವುದು ಎಲ್ಲ ವ್ಯರ್ಥ. ತೊಂದರೆ ಗಾಜಿನೆಳೆಯಲ್ಲೋ ಅದರಾಚೆಗೋ ಇದೆ. ಕೆಂಪು ದೀಪ ಆರಿದೆ, ಪಾನ್ ಮಾತ್ರ ಮಿಣುಕುತ್ತಲೇ ಇದೆ ಎಂದಾದರೆ ಬೆಳಕು ಬರುತ್ತಿದೆ, ಆದರೆ ಯಂತ್ರ ಡಬ್ಬಿಯನ್ನು ಒಪ್ಪಿಕೊಂಡಿಲ್ಲ. ಡಬ್ಬಿಯ ತಳದ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಅತ್ತ ನೋಂದಣಿಯಾಗದಿದ್ದಾಗ, ಅಂದರೆ ಹೊಸ ಡಬ್ಬಿ ತಂದು ಜೋಡಿಸಿದ ದಿನ, ಇದು ಸಾಮಾನ್ಯ. ಎರಡೂ ಸರಿಯಾಗಿದ್ದು ಇಂಟರ್‌ನೆಟ್ ಎಂಬ ದೀಪ ಮಾತ್ರ ಆರಿದ್ದರೆ ದಾರಿ ಸರಿಯಿದೆ, ಖಾತೆಯಲ್ಲಿ ತೊಡಕಿದೆ.

ದೀಪಗಳೇ ಹತ್ತದಿದ್ದರೆ ಅಡಾಪ್ಟರ್ ನೋಡಬೇಕು. ಅದು ಸಾಮಾನ್ಯವಾಗಿ 12 ವೋಲ್ಟಿನದು. ಎಷ್ಟು ಆಂಪಿಯರ್ ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ಹಳೆಯ ಅಡಾಪ್ಟರ್ ಪೂರ್ತಿ ಸಾಯುವ ಮೊದಲು ಬಹಳ ದಿನ ಆಟವಾಡಿಸುತ್ತದೆ: ದೀಪ ಹತ್ತುತ್ತದೆ, ಎರಡು ಫೋನು ಜೋಡಿಸಿ ವಿಡಿಯೊ ಹಚ್ಚಿದೊಡನೆ ಡಬ್ಬಿ ತಾನಾಗಿ ಆರಿ ಮತ್ತೆ ಚಾಲೂ ಆಗುತ್ತದೆ. ಭಾರ ಬಿದ್ದಾಗ ವೋಲ್ಟೇಜು ಕುಸಿಯುವುದೇ ಕಾರಣ. ಡಬ್ಬಿ ಕೆಟ್ಟಿದೆ ಎಂದು ಹೊಸದಕ್ಕೆ ದುಡ್ಡು ಕೊಡುವ ಮೊದಲು ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನು ಕೂಡುವ ಬೇರೆ ಅಡಾಪ್ಟರ್ ಹಚ್ಚಿ ನೋಡುವುದು ಜಾಣತನ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರಿಗೂ ಹಲವು ಸಲ ಇದೇ ಪಿನ್ನಿರುತ್ತದೆ, ವೋಲ್ಟೇಜು ಮಾತ್ರ ಬೇರೆ ಇರಬಹುದು. ಓದದೆ ಚುಚ್ಚಿದರೆ ಡಬ್ಬಿ ಸುಡಬಹುದು.

ಕರೆಂಟಿನ ಇನ್ನೊಂದು ಮುಖ ಮನೆಯ ಹೊರಗಿದೆ. ಮನೆಯಲ್ಲಿ ಕರೆಂಟಿದ್ದೂ ಕೆಂಪು ದೀಪ ಹತ್ತಿದರೆ, ಒಎಲ್‌ಟಿ ಇರುವ ಕಡೆ ಹೆಸ್ಕಾಂ ಲೈನು ಹೋಗಿ, ಅಲ್ಲಿಯ ಬ್ಯಾಟರಿಯೂ ಮುಗಿದಿರಬಹುದು. ಹಳ್ಳಿಯೊಂದರ ಡಬ್ಬಿಗೆ ಬೆಳಕು ಬರುವುದು ಬೇರೆ ಊರಿನಿಂದ, ಕರೆಂಟು ಬರುವುದು ಬೇರೆ ಫೀಡರಿನಿಂದ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ನೆಟ್. ಪಕ್ಕದ ಮನೆಯಲ್ಲಿ ಕೇಳುವುದು ಇದಕ್ಕೆ ಅತಿ ಅಗ್ಗದ ಪರೀಕ್ಷೆ. ಓಣಿಗೇ ಇಲ್ಲವಾದರೆ ಮನೆಯೊಳಗೆ ತಡಕಾಡುವ ಕೆಲಸವಿಲ್ಲ. ಮನೆಯ ಕರೆಂಟೇ ಪದೇ ಪದೇ ಹೋಗುವಲ್ಲಿ ಮೋಡೆಮ್‌ಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಕೆಲವು ತಾಸು ಕಾಯುತ್ತದೆ, ಇನ್ವರ್ಟರಿಗಿಂತ ಅಗ್ಗ.

ಫೈಬರಿನ ತೊಂದರೆಗಳಲ್ಲಿ ಬಹುಪಾಲು ಕೊನೆಯ ಕೆಲವು ಮೀಟರುಗಳಲ್ಲೇ ಇರುತ್ತವೆ. ಗೋಡೆಯ ಪೆಟ್ಟಿಗೆಯಿಂದ ಡಬ್ಬಿಗೆ ಬರುವ ತೆಳು ಹಳದಿ ಅಥವಾ ಬಿಳಿ ವೈರು ನೋಡಲು ಚಾರ್ಜರ್ ವೈರಿನಂತಿದೆ, ಆದರೆ ಹಾಗೆ ಸುತ್ತಿ ಗಂಟು ಹಾಕುವಂತಿಲ್ಲ. ಒಳಗಿನ ಗಾಜಿನೆಳೆ ಹೊದಿಕೆ ಸಹಿತ ಕಾಲು ಮಿಲಿಮೀಟರ್ ದಪ್ಪ. ಬೆಳಕು ಅದರೊಳಗೆ ಸಾಗುವುದು ಗಾಜಿನ ಅಂಚಿನಿಂದ ಒಳಕ್ಕೇ ಮರಳುತ್ತ. ತಿರುವು ತೀರ ಬಿಗಿಯಾದರೆ ಅಂಚು ದಾಟಿ ಸೋರಿಹೋಗುತ್ತದೆ. ಸಾಮಾನ್ಯ ಎಳೆಗೆ ಸುಮಾರು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಅಪಾಯ. ಬಾಗಿದರೂ ತಡೆಯುವಂತೆ ಮಾಡಿದ ಎಳೆಗಳೂ ಇವೆ. ಕಿಟಕಿಯ ಕದದ ಸಂದಿಯಲ್ಲಿ ಸಿಕ್ಕಿಕೊಂಡ ವೈರು, ಟಿವಿ ಸ್ಟ್ಯಾಂಡಿನ ಕಾಲಡಿ ಒತ್ತಿದ ವೈರು, ಗುಡಿಸುವಾಗ ಎಳೆದು ಸಡಿಲಾದ ಹಸಿರು ಪಿನ್ನು ಇವೆಲ್ಲ ಕೆಂಪು ದೀಪದ ಹಳೆಯ ಕಾರಣಗಳು. ಹಸಿರು ಪಿನ್ನಿನ ತುದಿಯನ್ನು 8 ಡಿಗ್ರಿ ಓರೆಯಾಗಿ ನಯಗೊಳಿಸಿರುತ್ತಾರೆ, ಬೆಳಕು ಬಂದ ದಾರಿಗೇ ಮರಳಿ ಹೊಳೆಯದಿರಲೆಂದು. ನೀಲಿ ಪಿನ್ನಿನದು ನೇರ ತುದಿ. ಹಸಿರಿಗೆ ನೀಲಿ ಕೂಡಿಸಿದರೆ ನಡುವೆ ಸಂದಿ ಉಳಿದು ಬೆಳಕು ಕುಸಿಯುತ್ತದೆ. ಪಿನ್ನನ್ನು ಒಮ್ಮೆ ಟಕ್ ಎನ್ನುವವರೆಗೆ ಒತ್ತಿ ನೋಡಬಹುದು. ಬಿಚ್ಚಿ, ಬಾಯಿಯಿಂದ ಊದಿ, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕುವುದು ಬೇಡ. ಬೆರಳಿನ ಜಿಡ್ಡೊಂದೇ ಬೆಳಕು ಮಂಕಾಗಲು ಸಾಕು. ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವುದಂತೂ ಕೂಡದು. ಆ ಬೆಳಕು ಕಾಣುವುದಿಲ್ಲ, ಆದರೆ ಅದು ಲೇಸರ್.

ಬೆಳಕು ಎಷ್ಟು ಬರುತ್ತಿದೆ ಎಂಬುದನ್ನು ಅಳೆಯುವ ಮಾನ ಡಿಬಿಎಂ. ಅಂಕಿಯ ಮುಂದೆ ಮೈನಸ್ ಇರುತ್ತದೆ. ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಪ್ರತಿ 3 ಡೆಸಿಬೆಲ್ ಇಳಿದಾಗ ಬೆಳಕು ಅರ್ಧವಾಗುತ್ತದೆ. ಲೆಕ್ಕ ಹೀಗೆ ಸಾಗುತ್ತದೆ: ಒಎಲ್‌ಟಿಯಿಂದ ಹೊರಟದ್ದು ಪ್ಲಸ್ 3 ಎನ್ನೋಣ. ಎಂಟಾಗಿ ಹಂಚುವ ಸ್ಪ್ಲಿಟ್ಟರ್ ಒಂದಕ್ಕೆ ಸುಮಾರು 10.5 ಹೋಗುತ್ತದೆ. ಅಂಥವು ಎರಡಿದ್ದರೆ 21. ಐದು ಕಿಲೋಮೀಟರ್ ಗಾಜಿನಲ್ಲಿ ಒಂದೂವರೆ, ಜೋಡಣೆಗಳಲ್ಲಿ ಇನ್ನೊಂದು. ಮನೆಗೆ ಮುಟ್ಟುವುದು ಮೈನಸ್ 20ರ ಆಸುಪಾಸು. ಇಂಥ ಸಾಮಾನ್ಯ ಫೈಬರ್ ಡಬ್ಬಿ ಮೈನಸ್ 8ರಿಂದ ಮೈನಸ್ 27ರವರೆಗೆ ಓದಬಲ್ಲದು. ಹೀಗೆ ಉಳಿದಿರುವ ಅವಕಾಶ ಸುಮಾರು 7 ಡೆಸಿಬೆಲ್ ಮಾತ್ರ. ಒಂದು ಕೆಟ್ಟ ತಿರುವು ಅಥವಾ ಒಂದು ಕೊಳೆಯಾದ ಪಿನ್ನು ಅದನ್ನು ನುಂಗಬಲ್ಲದು. ಗಡಿಯಲ್ಲಿರುವ ಮನೆಯಲ್ಲಿ ನೆಟ್ ಬೆಳಿಗ್ಗೆ ಇದ್ದು ಮಧ್ಯಾಹ್ನ ಹೋಗುವುದು, ಗಾಳಿ ಬೀಸಿದಾಗ ಹೋಗುವುದು ಇದೇ ಕಾರಣಕ್ಕೆ. ಈ ಅಂಕಿ ನೋಡಲು ಯಂತ್ರವೇ ಬೇಕೆಂದಿಲ್ಲ. ಫೋನಿನ ಬ್ರೌಸರಿನಲ್ಲಿ ಡಬ್ಬಿಯ ವಿಳಾಸ, ಹೆಚ್ಚಾಗಿ 192.168.1.1, ಹಾಕಿ, ತಳದ ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಕೊಟ್ಟರೆ ತೆರೆಯುವ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಸಾಲಿನಲ್ಲಿ ಅದಿರುತ್ತದೆ.

ಮನೆಯ ಹೊರಗಿನ ಕಾರಣಗಳು ಊರಿನ ಬದುಕಿನೊಂದಿಗೆ ಬೆರೆತಿವೆ. ಮಲೆನಾಡಿನ ಸೆರಗಿನ ಹಾನಗಲ್ ಸೀಮೆಯಲ್ಲಿ ಪುನರ್ವಸು, ಪುಷ್ಯ ಮಳೆಗಳು ಜಡಿದಾಗ ಮರದ ಟೊಂಗೆ ತಂತಿಯ ಮೇಲೆ ಬೀಳುತ್ತದೆ. ಗೋವಿನಜೋಳ, ಹತ್ತಿ ಬರುವ ದಿನಗಳಲ್ಲಿ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರು ರಸ್ತೆಗೆ ಅಡ್ಡವಾಗಿ ಜೋತುಬಿದ್ದ ಡ್ರಾಪ್ ವೈರನ್ನು ಕಿತ್ತುಕೊಂಡೇ ಹೋಗುತ್ತದೆ. ತೇರಿನ ದಿನ ಅಡ್ಡತಂತಿಗಳನ್ನು ಬೇಕೆಂದೇ ಬಿಚ್ಚುತ್ತಾರೆ, ಮರುದಿನ ಅವಸರದಲ್ಲಿ ಕಟ್ಟುವಾಗ ಎಳೆ ಮುರಿಯುತ್ತದೆ. ಶಿಗ್ಗಾವಿ, ಬಂಕಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 48 ಹಾದಿದೆ. ಹೆದ್ದಾರಿಯ ಬದಿಯಲ್ಲಿ ಜೆಸಿಬಿ ನೆಲ ಅಗೆದರೆ ಹೋಗುವುದು ಒಂದು ಮನೆಯದಲ್ಲ, ಊರಿನ ನೆಟ್. ಇಲಿಗಳಿಗೆ ವೈರಿನ ಪ್ಲಾಸ್ಟಿಕ್ ಕಡಿಯುವ ಚಟ ಎಲ್ಲ ತಾಲ್ಲೂಕುಗಳಲ್ಲೂ ಒಂದೇ. ಇಂಥ ಕಡೆ ಕೇಬಲ್‌ನವರು ಕೆಂಪು ಲೇಸರ್ ಪೆನ್ನನ್ನು ಎಳೆಗೆ ಹಚ್ಚುತ್ತಾರೆ. ಮುರಿದ ಜಾಗದಲ್ಲಿ ಹೊದಿಕೆಯ ಮೂಲಕ ಕೆಂಪು ಹೊಳೆಯುತ್ತದೆ. ದೂರದ ಮುರುಕಿಗೆ ಒಟಿಡಿಆರ್ ಎಂಬ ಯಂತ್ರ ಬೇಕು. ಬೆಳಕು ಮುರಿದಲ್ಲಿಂದ ಮರಳಿ ಬರಲು ಹಿಡಿದ ಸಮಯದಿಂದ ಅದು ಎಷ್ಟು ಮೀಟರಿನಲ್ಲಿ ಮುರಿದಿದೆ ಎಂದು ಲೆಕ್ಕ ಹಾಕುತ್ತದೆ. ಮುರಿದ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತಾರೆ. ಟಿವಿ ವೈರಿನಂತೆ ಹಲ್ಲಿನಿಂದ ಸುಲಿದು ಹೊಸೆದರೆ ಫೈಬರ್ ಕೂಡುವುದಿಲ್ಲ, ಗಾಜಿನ ಚೂರು ಬೆರಳಿಗೆ ಹೊಗುವುದಷ್ಟೇ ಲಾಭ.

ವಿಚಿತ್ರ ಕಾಯಿಲೆಯೊಂದಿದೆ. ಒಂದು ಸ್ಪ್ಲಿಟ್ಟರಿನ ಮನೆಗಳೆಲ್ಲ ಒಂದೇ ಎಳೆಯಲ್ಲಿ ಉತ್ತರ ಕಳಿಸುವುದರಿಂದ ಪ್ರತಿ ಡಬ್ಬಿಯೂ ತನ್ನ ಪಾಳಿ ಬಂದಾಗ ಮಾತ್ರ ಲೇಸರ್ ಹಚ್ಚಬೇಕು. ಕೆಟ್ಟ ಡಬ್ಬಿಯೊಂದು ಪಾಳಿ ಮರೆತು ಸದಾ ಬೆಳಗುತ್ತಿದ್ದರೆ ಉಳಿದವರ ನೆಟ್ ಕಡಿದು ಕಡಿದು ಬರುತ್ತದೆ. ಆಗ ದೂರು ಕೊಟ್ಟವರ ಮನೆಯಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದು. ಒಂದೊಂದೇ ಮನೆಯ ಎಳೆ ಬಿಚ್ಚುತ್ತ ಹೋಗಬೇಕು.

ಸಿಡಿಲಿನ ಮಾತು ಬೇರೆ. ಭರಣಿ, ಕೃತ್ತಿಕೆ ಮಳೆಗಳ ಗುಡುಗಿಗೆ ಫೋನ್ ತಂತಿಯ ಮೋಡೆಮ್‌ಗಳು ಸುಡುತ್ತಿದ್ದುದು ಹಳೆಯ ಚಂದಾದಾರರಿಗೆ ನೆನಪಿರಬೇಕು. ಗಾಜಿನಲ್ಲಿ ವಿದ್ಯುತ್ ಹರಿಯದು. ಹಾಗೆಂದು ಫೈಬರಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ಸಿಡಿಲಿನ ಹೊಡೆತ ಈಗ ಕರೆಂಟಿನ ದಾರಿಯಲ್ಲಿ, ಅಡಾಪ್ಟರಿನ ಮೂಲಕ ಬರುತ್ತದೆ. ಗುಡುಗು ಕೇಳಿದಾಗ ಅಡಾಪ್ಟರ್ ಕಿತ್ತಿಟ್ಟರೆ ಸಾಕು. ಮಾಳಿಗೆಯ ಸ್ವಿಚ್ಚಿನಿಂದ ಲ್ಯಾನ್ ಕೇಬಲ್ ಬಂದಿರುವ ಮನೆಗಳಲ್ಲಿ ಅದನ್ನೂ ಬಿಚ್ಚಬೇಕು.

ಕೋಆಕ್ಸಿಯಲ್ ಕೇಬಲ್ಲಿನ ಮೋಡೆಮ್ ಇರುವ ಬೆಂಗಳೂರಿನ ಬಂಧುಗಳ ಮನೆಯಲ್ಲಿ ತನಿಖೆಯ ಕ್ರಮ ಇದೇ, ಗುರುತುಗಳು ಬೇರೆ. ಅಲ್ಲಿ ಟಿವಿ ಸರಿಯಾಗಿ ಬರುತ್ತಿದ್ದು ನೆಟ್ ಮಾತ್ರ ನಿಲ್ಲುವುದುಂಟು. ಮನೆಯಿಂದ ಹೊರಗೆ ಹೋಗುವ ಸಂಕೇತ ಟಿವಿ ಚಾನೆಲುಗಳಿಗಿಂತ ಕೆಳಗಿನ ಆವರ್ತನಗಳಲ್ಲಿ ಸಾಗುತ್ತದೆ, ಓಣಿಯ ಎಲ್ಲ ಮನೆಗಳ ಸದ್ದುಗದ್ದಲ ಆ ಹಾದಿಯಲ್ಲೇ ಒಟ್ಟುಗೂಡುತ್ತದೆ. ಸಡಿಲಾದ ತಿರುಪಿನ ಪಿನ್ನು, ನೀರು ಹೊಕ್ಕ ಜೋಡಣೆ, ಇನ್ನೊಂದು ಟಿವಿಗೆಂದು ನಡುವೆ ಸೇರಿಸಿದ ಅಗ್ಗದ ಸ್ಪ್ಲಿಟ್ಟರ್, ಇವು ಅಲ್ಲಿಯ ಮುಖ್ಯ ಶತ್ರುಗಳು. ಎರಡಾಗಿ ಹಂಚಿದರೆ ಸಂಕೇತ ಸುಮಾರು 3.5 ಡೆಸಿಬೆಲ್ ಕುಸಿಯುತ್ತದೆ. ನಡುವಿನ ಸ್ಪ್ಲಿಟ್ಟರ್ ತೆಗೆದು ಕೇಬಲ್ಲನ್ನು ನೇರ ಮೋಡೆಮ್‌ಗೆ ಹಚ್ಚಿ ನೋಡುವುದೇ ಮೊದಲ ಪರೀಕ್ಷೆ.

ದೀಪಗಳೆಲ್ಲ ಸರಿಯಿದ್ದೂ ಫೋನಿನಲ್ಲಿ ನೆಟ್ ಇಲ್ಲದಿದ್ದರೆ ವೈಫೈಯನ್ನು ಬದಿಗಿಟ್ಟು, ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರ ಡಬ್ಬಿಗೆ ಜೋಡಿಸಿ ನೋಡಬೇಕು. ಅಲ್ಲಿ ನೆಟ್ ಬಂದರೆ ಕೇಬಲ್‌ನವರ ತಪ್ಪಿಲ್ಲ. ಸವಣೂರಿನ ಹಳೆಯ ವಾಡೆಗಳಲ್ಲಿ, ಹಳ್ಳಿಗಳ ಮಣ್ಣಿನ ಮನೆಗಳಲ್ಲಿ ಗೋಡೆಗಳು ಮೊಳಗಟ್ಟಲೆ ದಪ್ಪ. 5 ಗಿಗಾಹರ್ಟ್ಸಿನ ವೈಫೈ ವೇಗದ್ದು, ಆದರೆ ಅಂಥ ಒಂದು ಗೋಡೆಗೇ ಸೋಲುತ್ತದೆ, 2.4 ಗಿಗಾಹರ್ಟ್ಸಿನದು ನಿಧಾನ, ಆದರೆ ಇನ್ನಷ್ಟು ದೂರ ಹೋಗುತ್ತದೆ. ಡಬ್ಬಿಯನ್ನು ಟಿವಿಯ ಹಿಂದೆ, ಕಬ್ಬಿಣದ ತಿಜೋರಿಯ ಪಕ್ಕದಲ್ಲಿ ಅಡಗಿಸಿಟ್ಟು ಹಿತ್ತಲಿನಲ್ಲಿ ನೆಟ್ ಬರಲಿಲ್ಲ ಎನ್ನುವುದು ನ್ಯಾಯವಲ್ಲ. ಮನೆಯ ನಡುವೆ, ತಲೆಯೆತ್ತರದಲ್ಲಿ, ಬಯಲಾಗಿ ಇಡಬೇಕು. ವೇಗದ ಲೆಕ್ಕದಲ್ಲೂ ಒಂದು ಗೊಂದಲವಿದೆ. ಯೋಜನೆಯಲ್ಲಿ ಬರೆದದ್ದು ಮೆಗಾಬಿಟ್, ಡೌನ್‌ಲೋಡ್ ಮಾಡುವಾಗ ಹಲವು ಕಡೆ ಕಾಣುವುದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. 30 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ 3.75 ಮೆಗಾಬೈಟ್ ಇಳಿದರೆ ಯಾರೂ ಮೋಸ ಮಾಡಿಲ್ಲ.

ಖಾತೆಯ ತೊಡಕುಗಳಲ್ಲಿ ಮೊದಲನೆಯದು ತೀರ ಸಾದಾ: ರೀಚಾರ್ಜಿನ ಅವಧಿ ಮುಗಿದಿರುವುದು. ಎರಡನೆಯದು ತಿಂಗಳ ಮಿತಿ ದಾಟಿ ವೇಗ ಇಳಿದಿರುವುದು. ಮೂರನೆಯದನ್ನು ಮನೆಯವರೇ ಮಾಡಿಕೊಳ್ಳುತ್ತಾರೆ. ಡಬ್ಬಿಯ ಹಿಂದೆ ಸೂಜಿ ಹೋಗುವಷ್ಟು ರೀಸೆಟ್ ತೂತಿರುತ್ತದೆ. ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್. ಅದರಿಂದ ನಷ್ಟವಿಲ್ಲ, ಎಷ್ಟೋ ತೊಂದರೆ ಅಷ್ಟಕ್ಕೇ ಹೋಗುತ್ತದೆ. ಆಫ್ ಮಾಡಿ ಅರ್ಧ ನಿಮಿಷ ತಾಳಿ ಆನ್ ಮಾಡಿದರೆ ಆಯಿತು. ಸೂಜಿಯಿಂದ ಒತ್ತಿ ಹಿಡಿಯುವುದು ರೀಸೆಟ್. ಅದು ಆಪರೇಟರ್ ತುಂಬಿಟ್ಟ ಹೆಸರು, ಪಾಸ್‌ವರ್ಡ್, ಸಂಪರ್ಕದ ವಿವರ ಎಲ್ಲವನ್ನೂ ಅಳಿಸಿಹಾಕಬಲ್ಲದು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಗುತ್ತಿದ್ದ ನೆಟ್ ಆಮೇಲೆ ಕೇಬಲ್‌ನವನು ಬರುವವರೆಗೂ ಬಾರದು. ಮಕ್ಕಳ ಕೈಗೆ ಸೇಫ್ಟಿ ಪಿನ್ನು ಕೊಟ್ಟು ಒತ್ತಿಸುವ ಈ ಚಿಕಿತ್ಸೆ ನೋಡಿದವರ ಬಾಯಿಂದ ಬಾಯಿಗೆ ಹಬ್ಬಿದೆ, ಬಿಡುವುದು ಒಳ್ಳೆಯದು. ಒಂದೇ ಆ್ಯಪ್ ತೆರೆಯದೆ ಉಳಿದವೆಲ್ಲ ತೆರೆದರೆ ತಪ್ಪು ಆ ಆ್ಯಪಿನವರದು. ವಾಟ್ಸಾಪ್ ಬರುತ್ತಿದ್ದು ವೆಬ್‌ಸೈಟುಗಳಷ್ಟೇ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಟ್ಟಿರಬಹುದು. ಫೋನಿನ ಸೆಟ್ಟಿಂಗಿನಲ್ಲಿ 8.8.8.8 ಎಂದು ಕೊಟ್ಟು ಪರೀಕ್ಷಿಸಬಹುದು.

ಇಷ್ಟರ ಮೇಲೂ ಕೆಂಪು ದೀಪ ಉಳಿದರೆ ದೂರು ಕೊಡಲೇಬೇಕು. ಓಣಿಯ ಕೇಬಲ್ ಹುಡುಗನಿಗೆ ಫೋನ್ ಮಾಡುವುದು ಬೇಗ ಕೆಲಸವಾಗುವ ದಾರಿ, ಆದರೆ ಅದು ದಾಖಲೆಗೆ ಸೇರದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ತಂದ ನಿಯಮಗಳ ಪ್ರಕಾರ ಸೇವಾ ಸಂಸ್ಥೆ ಗ್ರಾಹಕರ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು, ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಹಾಗಾಗಿ ಕಂಪನಿಯ ಸಹಾಯವಾಣಿಯಲ್ಲೂ ದೂರು ಬರೆಸಿ ನಂಬರ್ ಪಡೆಯಬೇಕು. ದೂರಿನಲ್ಲಿ ಇರಬೇಕಾದದ್ದು ಯಾವ ದೀಪ ಹೇಗಿದೆ, ಎಂದಿನಿಂದ, ಪಕ್ಕದ ಮನೆಗೆ ಬರುತ್ತಿದೆಯೇ ಎಂಬಷ್ಟೇ. ದುರಸ್ತಿ ಮುಗಿದು ಕೇಬಲ್‌ನವರು ಪವರ್ ಮೀಟರ್ ಚೀಲಕ್ಕೆ ಹಾಕುವ ಮೊದಲು, ಈಗ ಎಷ್ಟು ಡಿಬಿಎಂ ಇದೆ ಎಂದು ಕೇಳಿ ದಿನಾಂಕ ಸಮೇತ ಡಬ್ಬಿಯ ತಳದಲ್ಲಿ ಪೆನ್ನಿನಿಂದ ಬರೆದಿಡಬೇಕು. ಮೈನಸ್ 20 ಎಂದು ಬರೆದಿದ್ದ ಮನೆಯಲ್ಲಿ ಮುಂದಿನ ಸಲ ಬ್ರೌಸರಿನಲ್ಲಿ ಡಬ್ಬಿಯ ಪುಟ ತೆರೆದಾಗ ಮೈನಸ್ 26 ಕಂಡರೆ ಡಬ್ಬಿ ಬದಲಿಸುವ ಮಾತಿಗೆ ಒಪ್ಪದೆ, ಎಳೆಯನ್ನೇ ನೋಡಿರೆಂದು ಧೈರ್ಯವಾಗಿ ಕೇಳಬಹುದು.